ಗರ್ಭಿಣಿಯ ರೋಗನಿರೋಧಕ ವ್ಯವಸ್ಥೆ ಭ್ರೂಣವನ್ನು ಸಹಿಸುವ ಬಗೆ: ಓದುವವರಿಗೆ, ಕಲಿಸುವವರಿಗೆ ಒಂದು ಕೈಪಿಡಿ

ತಂದೆಯ ಚರ್ಮದ ಒಂದು ಚೂರನ್ನು ತಾಯಿಯ ತೋಳಿಗೆ ಕಸಿ ಮಾಡಿದರೆ ಕೆಲವೇ ವಾರಗಳಲ್ಲಿ ಅದು ಕಪ್ಪಾಗಿ, ಒಣಗಿ ಉದುರಿಹೋಗುತ್ತದೆ. ಅದೇ ತಂದೆಯಿಂದ ಅರ್ಧದಷ್ಟು ವಂಶವಾಹಿಗಳನ್ನು ಪಡೆದ ಭ್ರೂಣವಾದರೋ ಅದೇ ತಾಯಿಯ ಗರ್ಭಕೋಶದಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಬ್ರಿಟನ್ನಿನ ಜೀವವಿಜ್ಞಾನಿ ಪೀಟರ್ ಮೆಡವಾರ್ ಅವರು 1953ರಲ್ಲಿ ಈ ವಿರೋಧಾಭಾಸವನ್ನು ಸ್ಪಷ್ಟವಾಗಿ ಮುಂದಿಟ್ಟು, ಅದಕ್ಕೆ ಮೂರು ಬಗೆಯ ಉತ್ತರಗಳು ಸಾಧ್ಯವೆಂದರು: ತಾಯಿಗೂ ಭ್ರೂಣಕ್ಕೂ ನಡುವೆ ದೈಹಿಕವಾದ ತಡೆ ಇರಬಹುದು, ಭ್ರೂಣದ ಪ್ರತಿಜನಕಗಳು, ಅಂದರೆ ಪರಕೀಯವೆಂದು ಗುರುತಿಸಲು ನೆರವಾಗುವ ಅಣುಗಳು, ಇನ್ನೂ ಬಲಿಯದೆ ಇರಬಹುದು, ಇಲ್ಲವೇ ತಾಯಿಯ ರೋಗನಿರೋಧಕ ವ್ಯವಸ್ಥೆಯೇ ಆ ಅವಧಿಯಲ್ಲಿ ಜಡವಾಗಿರಬಹುದು. ಅನೇಕ ಪಾಠಗಳು ಇಂದಿಗೂ ಈ ಮೂರನ್ನು ಒಪ್ಪಿಸಿ ಮುಗಿಯುತ್ತವೆ. ಆದರೆ ಎರಡನೆಯದು ತಪ್ಪೆಂದೂ, ಮೂರನೆಯದು ಬಹುಮಟ್ಟಿಗೆ ತಪ್ಪೆಂದೂ, ಮೊದಲನೆಯದು ಅರ್ಧ ಮಾತ್ರ ನಿಜವೆಂದೂ ಈಗ ತಿಳಿದಿದೆ.

ಆದ್ದರಿಂದ ಈ ವಿಷಯವನ್ನು ಹೊಸದಾಗಿ ಓದುವವರಿಗೆ ನನ್ನ ಸಲಹೆ ಇಷ್ಟು: ‘ತಾಯಿ ಭ್ರೂಣವನ್ನು ಏಕೆ ತಿರಸ್ಕರಿಸುವುದಿಲ್ಲ’ ಎಂಬ ದೊಡ್ಡ ಪ್ರಶ್ನೆಯಿಂದ ಆರಂಭಿಸಬೇಡಿ. ಭ್ರೂಣದ ಯಾವ ಕೋಶವು ತಾಯಿಯ ಯಾವ ಕೋಶಕ್ಕೆ ಎದುರಾಗುತ್ತದೆ, ಎಲ್ಲಿ ಎದುರಾಗುತ್ತದೆ, ಬಸಿರಿನ ಯಾವ ಹಂತದಲ್ಲಿ ಎದುರಾಗುತ್ತದೆ ಎಂದು ಕೇಳುತ್ತಾ ಹೋಗಿ. ಸಹಿಷ್ಣುತೆ ಎಂಬುದು ತಾಯಿಯ ಇಡೀ ದೇಹದ ಸ್ಥಿತಿಯಲ್ಲ. ಒಂದು ನಿರ್ದಿಷ್ಟ ಜಾಗದಲ್ಲಿ, ನಿರ್ದಿಷ್ಟ ಅವಧಿಯಲ್ಲಿ ಸತತವಾಗಿ ನಡೆಯುವ ಕೆಲಸ ಅದು.

ಮೊದಲು ಗಡಿಯನ್ನು ಗುರುತಿಸಿ

ಒಂದು ಹಾಳೆಯ ಮೇಲೆ ಗರ್ಭಕೋಶ, ಮಾಸು, ಹೊಕ್ಕುಳಬಳ್ಳಿ, ಭ್ರೂಣ ಇಷ್ಟನ್ನು ಬರೆದುಕೊಳ್ಳಿ. ತಾಯಿಯ ಅಂಗಾಂಶವನ್ನು ನೇರವಾಗಿ ಮುಟ್ಟುವುದು ಭ್ರೂಣದ ಚರ್ಮವಲ್ಲ, ರಕ್ತವೂ ಅಲ್ಲ. ಮಾಸಿನ ಹೊರಪದರವಾದ ಟ್ರೋಫೋಬ್ಲಾಸ್ಟ್ ಎಂಬ ಕೋಶಸಮೂಹ. ಫಲಿತ ಅಂಡವು ಬೆಳೆದು ಟೊಳ್ಳು ಗೋಳವಾದಾಗ ಅದರ ಹೊರಕವಚವೇ ಟ್ರೋಫೋಬ್ಲಾಸ್ಟ್ ಆಗುತ್ತದೆ, ಒಳಗಿನ ಗುಂಪಿನಿಂದ ಮಗು ರೂಪುಗೊಳ್ಳುತ್ತದೆ. ಈ ಎರಡನ್ನೂ ಬೇರೆ ಬೇರೆ ಬಣ್ಣಗಳಲ್ಲಿ ತುಂಬಿದರೆ ಅರ್ಧ ಗೊಂದಲ ಅಲ್ಲಿಯೇ ಕಳೆಯುತ್ತದೆ.

ಗಡಿಯ ಮಹತ್ವವನ್ನು ತೋರಿಸಿಕೊಡುವ ಅತ್ಯಂತ ಸೊಗಸಾದ ಪುರಾವೆ 1980ರ ದಶಕದ ಆರಂಭದ್ದು. ಮುಸ್ ಕರೋಲಿ ಎಂಬ ಇಲಿ ಪ್ರಭೇದದ ಭ್ರೂಣಗಳನ್ನು ಸಾಮಾನ್ಯ ಪ್ರಯೋಗಾಲಯದ ಇಲಿಯ ಗರ್ಭಕೋಶದಲ್ಲಿಟ್ಟರೆ ಅವು ಉಳಿಯುವುದಿಲ್ಲ. ಆದರೆ ಕರೋಲಿಯ ಒಳಕೋಶಗಳ ಗುಂಪನ್ನು ಮಾತ್ರ ತೆಗೆದು, ಸಾಮಾನ್ಯ ಇಲಿಯ ಟ್ರೋಫೋಬ್ಲಾಸ್ಟ್ ಕವಚದೊಳಗೆ ಸೇರಿಸಿ ಇಟ್ಟಾಗ ಕರೋಲಿ ಕೋಶಗಳಿರುವ ಮರಿಗಳು ಜೀವಂತವಾಗಿ ಹುಟ್ಟಿದವು. ಒಳಗಿರುವ ಜೀವ ಪರಪ್ರಭೇದದ್ದಾದರೂ ಹೊರಕವಚ ತನ್ನದೇ ಆಗಿದ್ದುದರಿಂದ ತಾಯಿ ಅದನ್ನು ಹೊತ್ತಳು. ಆಡು ಮತ್ತು ಕುರಿಗಳ ನಡುವೆಯೂ ಇದೇ ಉಪಾಯ ಫಲಿಸಿತು. ಪಾಠವನ್ನು ಈ ಒಂದು ಪ್ರಯೋಗದಿಂದ ಆರಂಭಿಸಿದರೆ, ಟ್ರೋಫೋಬ್ಲಾಸ್ಟಿನ ಬಗ್ಗೆ ಹೇಳುವ ಮುಂದಿನ ಮಾತುಗಳೆಲ್ಲ ಕೇಳುಗರಿಗೆ ತಾವಾಗಿಯೇ ಅಗತ್ಯವೆನಿಸುತ್ತವೆ.

ಗಡಿಯ ಸ್ವರೂಪ ಎಲ್ಲ ಸಸ್ತನಿಗಳಲ್ಲಿ ಒಂದೇ ಅಲ್ಲ. ಮನುಷ್ಯರಲ್ಲಿ ಮತ್ತು ಇಲಿಗಳಲ್ಲಿ ಟ್ರೋಫೋಬ್ಲಾಸ್ಟ್ ತಾಯಿಯ ರಕ್ತನಾಳಗಳ ಗೋಡೆಯನ್ನೂ ದಾಟಿ ನೇರವಾಗಿ ಆಕೆಯ ರಕ್ತದಲ್ಲಿ ಮೀಯುತ್ತಿರುತ್ತದೆ. ನಾಯಿ, ಬೆಕ್ಕುಗಳಲ್ಲಿ ಅದು ತಾಯಿಯ ಲೋಮನಾಳಗಳ ಒಳಪೊರೆಯ ತನಕ ಹೋಗಿ ನಿಲ್ಲುತ್ತದೆ. ಹಂದಿ, ಕುದುರೆ, ಹಸುಗಳಲ್ಲಿ ಗರ್ಭಕೋಶದ ಒಳಪದರವು ಬಹುಮಟ್ಟಿಗೆ ಹಾಗೆಯೇ ಉಳಿದು, ಎರಡು ಪದರಗಳು ಪರಸ್ಪರ ಒತ್ತಿಕೊಂಡಿರುತ್ತವೆ. ಹಸುವಿನಲ್ಲಿ ತಾಯಿಯ ಪ್ರತಿಕಾಯಗಳು, ಅಂದರೆ ಪರಕೀಯ ಅಣುಗಳಿಗೆ ಅಂಟಿಕೊಳ್ಳುವ ರಕ್ತದ ಪ್ರೋಟೀನುಗಳು, ಮಾಸನ್ನು ದಾಟದಿರುವುದಕ್ಕೂ, ಹುಟ್ಟಿದ ಕರುವಿಗೆ ಗಿಣ್ಣದ ಹಾಲು ಮೊದಲ ದಿನವೇ ಸಿಗಬೇಕಾಗಿರುವುದಕ್ಕೂ ಈ ಹೆಚ್ಚುವರಿ ಪದರಗಳೊಂದಿಗೆ ಸಂಬಂಧವಿದೆ. ಹೀಗಾಗಿ ‘ಸಸ್ತನಿಗಳಲ್ಲಿ’ ಎಂದು ಆರಂಭವಾಗುವ ಯಾವುದೇ ವಾಕ್ಯವನ್ನು ಓದುವಾಗ, ಅದು ಯಾವ ಪ್ರಾಣಿಯಲ್ಲಿ ಕಂಡದ್ದು ಎಂದು ಅಂಚಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ನಾವು ಓದುವುದರಲ್ಲಿ ಬಹುಪಾಲು ಇಲಿಯದ್ದೇ ಆಗಿರುತ್ತದೆ.

ಟ್ರೋಫೋಬ್ಲಾಸ್ಟ್ ಏನನ್ನು ಪ್ರದರ್ಶಿಸುತ್ತದೆ ಎಂದು ನೋಡಿ

ಕಸಿ ಮಾಡಿದ ಅಂಗವನ್ನು ದೇಹ ಗುರುತಿಸುವುದು ಮುಖ್ಯವಾಗಿ ಎಂಎಚ್‌ಸಿ ಎಂಬ ಅಣುಗಳ ಮೂಲಕ. ಮನುಷ್ಯರಲ್ಲಿ ಇವನ್ನು ಎಚ್‌ಎಲ್‌ಎ ಎನ್ನುತ್ತಾರೆ. ಟಿ ಕೋಶಗಳು ಎಂಬ ಬಿಳಿ ರಕ್ತಕೋಶಗಳು ಇವನ್ನು ನೋಡಿಯೇ ತನ್ನದು, ಪರರದು ಎಂದು ತೀರ್ಮಾನಿಸುತ್ತವೆ. ಮನುಷ್ಯರ ಮಾಸಿನಲ್ಲಿ ತಾಯಿಯ ರಕ್ತಕ್ಕೆ ತೆರೆದುಕೊಂಡಿರುವ ಅತಿ ವಿಶಾಲವಾದ ಪದರ, ಅಂದರೆ ಕೋಶಗಳೆಲ್ಲ ಒಂದಾಗಿ ಬೆಸೆದುಕೊಂಡ ಸಿನ್ಸಿಷಿಯೋಟ್ರೋಫೋಬ್ಲಾಸ್ಟ್, ಎಚ್‌ಎಲ್‌ಎ ಅಣುಗಳನ್ನು ಪ್ರದರ್ಶಿಸುವುದೇ ಇಲ್ಲ. ಟಿ ಕೋಶಕ್ಕೆ ಅಲ್ಲಿ ಹಿಡಿಯಲು ಏನೂ ಸಿಗದು. ಈ ಬೆಸುಗೆಯ ಕೆಲಸಕ್ಕೆ ಬಳಕೆಯಾಗುವ ಸಿನ್ಸಿಟಿನ್ ಎಂಬ ಪ್ರೋಟೀನು, ಬಹು ಹಿಂದೆ ನಮ್ಮ ಪೂರ್ವಜರ ವಂಶವಾಹಿಗಳೊಳಗೆ ಸೇರಿಹೋದ ರೆಟ್ರೋವೈರಸ್ಸಿನ ಹೊರಕವಚದ ಪ್ರೋಟೀನೇ ಆಗಿರುವುದು ಕುತೂಹಲದ ಸಂಗತಿ.

ಇನ್ನೊಂದು ಬಗೆಯ ಟ್ರೋಫೋಬ್ಲಾಸ್ಟ್ ಕೋಶಗಳು ಮಾಸಿನಿಂದ ಹೊರಟು ಗರ್ಭಕೋಶದ ಗೋಡೆಯೊಳಕ್ಕೆ ನುಗ್ಗುತ್ತವೆ. ಇವು ಪೂರ್ತಿ ಮರೆಯಾಗಿರುವುದಿಲ್ಲ. ಅಂಗ ಕಸಿಯಲ್ಲಿ ಹೆಚ್ಚು ತೊಂದರೆ ಕೊಡುವ ಎಚ್‌ಎಲ್‌ಎ-ಎ ಮತ್ತು ಎಚ್‌ಎಲ್‌ಎ-ಬಿಗಳನ್ನು ಇವು ತೋರಿಸುವುದಿಲ್ಲ, ಆದರೆ ಎಚ್‌ಎಲ್‌ಎ-ಸಿ, ಎಚ್‌ಎಲ್‌ಎ-ಇ, ಎಚ್‌ಎಲ್‌ಎ-ಜಿಗಳನ್ನು ತೋರಿಸುತ್ತವೆ. ಏಕೆ ಎಲ್ಲವನ್ನೂ ಅಡಗಿಸಿಬಿಡಬಾರದಿತ್ತು ಎಂದು ವಿದ್ಯಾರ್ಥಿಗಳು ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ನೈಸರ್ಗಿಕ ಮಾರಕ ಕೋಶಗಳು, ಅಂದರೆ ಎನ್‌ಕೆ ಕೋಶಗಳು, ಎಂಎಚ್‌ಸಿ ಇಲ್ಲದ ಕೋಶವನ್ನು ಅನುಮಾನಿಸಿ ಕೊಲ್ಲುವ ಸ್ವಭಾವದವು. ಎಚ್‌ಎಲ್‌ಎ-ಇ ಮತ್ತು ಎಚ್‌ಎಲ್‌ಎ-ಜಿಗಳು ವ್ಯಕ್ತಿಯಿಂದ ವ್ಯಕ್ತಿಗೆ ಹೆಚ್ಚು ಬದಲಾಗುವುದಿಲ್ಲವಾದ್ದರಿಂದ ಟಿ ಕೋಶಗಳನ್ನು ಕೆರಳಿಸದೆಯೇ ಎನ್‌ಕೆ ಮತ್ತಿತರ ಕೋಶಗಳ ತಡೆಗ್ರಾಹಿಗಳಿಗೆ ಅಂಟಿಕೊಂಡು ಅವನ್ನು ಸುಮ್ಮನಿರಿಸಬಲ್ಲವು. ಎಚ್‌ಎಲ್‌ಎ-ಸಿ ಮಾತ್ರ ತಂದೆಯ ಗುರುತನ್ನು ಹೊತ್ತಿರುತ್ತದೆ. ಅದರ ಕಥೆಯೇ ಬೇರೆ.

ಗರ್ಭಕೋಶದ ಗೋಡೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ

ಇಡೀ ವಿಷಯದಲ್ಲಿ ಅತ್ಯಂತ ಹೆಚ್ಚು ಗಮನ ಕೊಡಬೇಕಾದ ಜಾಗ ಡೆಸಿಡುವಾ, ಅಂದರೆ ಬಸಿರಿನ ಸಮಯದಲ್ಲಿ ರೂಪಾಂತರ ಹೊಂದಿದ ಗರ್ಭಕೋಶದ ಒಳಪದರ. ಮನುಷ್ಯರಲ್ಲಿ ಮೊದಲ ಮೂರು ತಿಂಗಳಲ್ಲಿ ಇಲ್ಲಿನ ಬಿಳಿ ರಕ್ತಕೋಶಗಳಲ್ಲಿ ಸುಮಾರು ಶೇ. 70ರಷ್ಟು ಎನ್‌ಕೆ ಕೋಶಗಳೇ. ಹೆಸರು ಕೇಳಿದವರಿಗೆ ಭ್ರೂಣದ ಸುತ್ತ ಕೊಲೆಗಡುಕರ ಪಡೆಯೇ ನಿಂತಂತೆ ತೋರಬಹುದು. ಆದರೆ ಗರ್ಭಕೋಶದ ಎನ್‌ಕೆ ಕೋಶಗಳು ರಕ್ತದಲ್ಲಿರುವವುಗಳಂತಲ್ಲ. ಇವುಗಳ ಮಾರಕಶಕ್ತಿ ಕಡಿಮೆ. ರಕ್ತನಾಳಗಳ ಬೆಳವಣಿಗೆ ಮತ್ತು ಮಾರ್ಪಾಡಿಗೆ ಬೇಕಾದ ರಾಸಾಯನಿಕ ಸಂಕೇತಗಳನ್ನು ಸ್ರವಿಸುವುದೇ ಮುಖ್ಯ ಕೆಲಸ.

ಆ ಮಾರ್ಪಾಡನ್ನು ಹತ್ತಿರದಿಂದ ನೋಡಿ. ಗರ್ಭಕೋಶಕ್ಕೆ ರಕ್ತ ತರುವ ಸುರುಳಿ ಅಪಧಮನಿಗಳು ಬಸಿರಿಗೆ ಮುಂಚೆ ಕಿರಿದಾಗಿ, ಸ್ನಾಯುವಿನ ಪದರದಿಂದ ಸುತ್ತುವರಿದು, ಬೇಕೆಂದಾಗ ಸಂಕುಚಿಸಬಲ್ಲವಾಗಿರುತ್ತವೆ. ಒಳನುಗ್ಗಿದ ಟ್ರೋಫೋಬ್ಲಾಸ್ಟ್ ಕೋಶಗಳು ಮತ್ತು ತಾಯಿಯ ಎನ್‌ಕೆ ಕೋಶಗಳು ಸೇರಿ ಈ ಸ್ನಾಯುವನ್ನು ಕರಗಿಸುತ್ತವೆ. ನಾಳವು ಅಗಲವಾದ, ಸಂಕುಚಿಸಲಾರದ ಕೊಳವೆಯಾಗಿ, ಹೆಚ್ಚು ರಕ್ತವು ಕಡಿಮೆ ಒತ್ತಡದಲ್ಲಿ ಮಾಸಿನೊಳಗೆ ಬಂದು ಸೇರುತ್ತದೆ. ಎನ್‌ಕೆ ಕೋಶಗಳೇ ಇಲ್ಲದಂತೆ ಮಾಡಿದ ಇಲಿಗಳಲ್ಲಿ ಈ ನಾಳಗಳು ಸರಿಯಾಗಿ ಅಗಲಗೊಳ್ಳುವುದಿಲ್ಲ. ಎಂದರೆ ತಾಯಿಯ ರೋಗನಿರೋಧಕ ಕೋಶಗಳು ಭ್ರೂಣವನ್ನು ಕೇವಲ ಸಹಿಸಿಕೊಂಡಿಲ್ಲ, ಅದಕ್ಕೆ ಉಣಿಸುವ ವ್ಯವಸ್ಥೆಯನ್ನೇ ಕಟ್ಟುತ್ತಿವೆ. ನನ್ನ ದೃಷ್ಟಿಯಲ್ಲಿ ಈ ವಿಷಯದಲ್ಲಿ ಕಲಿಯಬೇಕಾದ ಒಂದೇ ಒಂದು ಸಂಗತಿಯನ್ನು ಆರಿಸಬೇಕೆಂದರೆ ಅದು ಇದೇ.

ಎಚ್‌ಎಲ್‌ಎ-ಸಿಯ ಕಥೆ ಇಲ್ಲಿ ಬಂದು ಸೇರುತ್ತದೆ. ತಾಯಿಯ ಎನ್‌ಕೆ ಕೋಶಗಳ ಮೇಲಿರುವ ಕೆಐಆರ್ ಎಂಬ ಗ್ರಾಹಿಗಳು ಟ್ರೋಫೋಬ್ಲಾಸ್ಟಿನ ಎಚ್‌ಎಲ್‌ಎ-ಸಿಗೆ ಅಂಟಿಕೊಳ್ಳುತ್ತವೆ. ಕೆಲವು ಕೆಐಆರ್‌ಗಳು ಕೋಶವನ್ನು ತಡೆಯುತ್ತವೆ, ಕೆಲವು ಪ್ರಚೋದಿಸುತ್ತವೆ. ತಡೆಯುವ ಗ್ರಾಹಿಗಳೇ ಪ್ರಧಾನವಾಗಿರುವ ಎಎ ಎಂಬ ವಂಶವಾಹಿ ಜೋಡಿ ತಾಯಿಯಲ್ಲಿದ್ದು, ಭ್ರೂಣಕ್ಕೆ ಸಿ2 ಎಂಬ ಗುಂಪಿನ ಎಚ್‌ಎಲ್‌ಎ-ಸಿ ಬಂದಿದ್ದರೆ, ಬಸಿರಿನಲ್ಲಿ ರಕ್ತದೊತ್ತಡ ಏರುವ ಪ್ರಿ-ಎಕ್ಲಾಂಪ್ಸಿಯಾ ಕಾಯಿಲೆಯ ಸಂಭವ ಹೆಚ್ಚೆಂದು 2004ರಲ್ಲಿ ವರದಿಯಾಯಿತು. ಇಲ್ಲಿ ಒಂದು ತಿರುವಿದೆ: ಎನ್‌ಕೆ ಕೋಶಗಳು ಅತಿಯಾಗಿ ಕೆರಳಿದ್ದರಿಂದ ತೊಂದರೆಯಾದುದಲ್ಲ, ಅತಿಯಾಗಿ ತಡೆಯಲ್ಪಟ್ಟು ತಮ್ಮ ಕಟ್ಟುವ ಕೆಲಸವನ್ನು ಮಾಡದಿದ್ದುದರಿಂದ ನಾಳಗಳು ಕಿರಿದಾಗಿಯೇ ಉಳಿದವು. ಪ್ರತಿರೋಧವನ್ನು ಹತ್ತಿಕ್ಕಿದಷ್ಟೂ ಬಸಿರಿಗೆ ಒಳ್ಳೆಯದು ಎಂಬ ಸರಳ ಲೆಕ್ಕ ಇಲ್ಲಿ ಕುಸಿಯುತ್ತದೆ.

ಟಿ ಕೋಶಗಳ ವಿಷಯದಲ್ಲಿ ಎರಡು ಏರ್ಪಾಡುಗಳನ್ನು ಗುರುತಿಸಿ. ಒಂದು, ಅವು ಒಳಬರದಂತೆ ನೋಡಿಕೊಳ್ಳುವುದು. ಉರಿಯೂತವಾದ ಅಂಗಾಂಶವು ಸಾಮಾನ್ಯವಾಗಿ ಕೀಮೋಕೈನ್ ಎಂಬ ಸಂಕೇತಗಳನ್ನು ಹೊರಡಿಸಿ ಟಿ ಕೋಶಗಳನ್ನು ಕರೆಯುತ್ತದೆ. ಇಲಿಯ ಡೆಸಿಡುವಾ ಕೋಶಗಳಲ್ಲಿ ಇಂಥ ಕೆಲವು ಕೀಮೋಕೈನುಗಳ ವಂಶವಾಹಿಗಳೇ ಮುಚ್ಚಿಹೋಗಿರುತ್ತವೆ ಎಂದು 2012ರಲ್ಲಿ ತಿಳಿದುಬಂತು. ಡಿಎನ್‌ಎ ಅಕ್ಷರಗಳು ಬದಲಾಗಿರುವುದಿಲ್ಲ, ಅದನ್ನು ಸುತ್ತಿಕೊಂಡ ಪ್ರೋಟೀನುಗಳ ಗುರುತುಗಳು ಬದಲಾಗಿರುತ್ತವೆ. ಎರಡು, ನಿಯಂತ್ರಕ ಟಿ ಕೋಶಗಳು. ಇವು ಬೇರೆ ಟಿ ಕೋಶಗಳ ದಾಳಿಯನ್ನು ತಡೆಯುತ್ತವೆ. 2004ರ ಇಲಿ ಪ್ರಯೋಗವೊಂದರಲ್ಲಿ ಇವನ್ನು ತೆಗೆದುಹಾಕಿದಾಗ, ತಂದೆ ಬೇರೆ ತಳಿಯವನಾಗಿದ್ದ ಭ್ರೂಣಗಳು ನಾಶವಾದವು, ತಂದೆತಾಯಿ ಒಂದೇ ತಳಿಯವರಾಗಿದ್ದ ಭ್ರೂಣಗಳು ಉಳಿದವು. ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿಯ ಹೊರಗೆ ಹೊಸದಾಗಿ ಇಂಥ ಕೋಶಗಳನ್ನು ರೂಪಿಸಲು ನೆರವಾಗುವ ಒಂದು ಡಿಎನ್‌ಎ ತುಣುಕು ಮಾಸುಳ್ಳ ಸಸ್ತನಿಗಳಲ್ಲಿ ಮಾತ್ರ ಕಂಡುಬರುತ್ತದೆ. ಅದನ್ನು ಕಳೆದುಕೊಂಡ ಇಲಿಗಳಲ್ಲಿ ಭ್ರೂಣನಾಶ ಹೆಚ್ಚುತ್ತದೆ.

ಪಕ್ಕದಲ್ಲೊಂದು ಕಾಲಪಟ್ಟಿ ಬರೆದುಕೊಳ್ಳಿ

ಹಾಳೆಯ ಮೇಲಿನ ಚಿತ್ರ ನಿಂತ ಚಿತ್ರ. ಬಸಿರು ಹಾಗಲ್ಲ. ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಳ್ಳುವ ಹಂತದಲ್ಲಿ ಉರಿಯೂತದ ಲಕ್ಷಣಗಳು ಸ್ಪಷ್ಟವಾಗಿ ಇರುತ್ತವೆ, ಇರಲೂಬೇಕು. ನಂತರದ ದೀರ್ಘ ಅವಧಿ ಶಾಂತವಾದುದು. ಪ್ರೊಜೆಸ್ಟಿರೋನ್ ಹಾರ್ಮೋನು ಈ ಶಾಂತಿಗೆ ಆಧಾರ. ಹೆರಿಗೆಯ ಹೊತ್ತಿಗೆ ಉರಿಯೂತ ಮತ್ತೆ ಮರಳುತ್ತದೆ: ಗರ್ಭಕೋಶದ ಕಂಠಕ್ಕೆ ಬಿಳಿ ರಕ್ತಕೋಶಗಳು ನುಗ್ಗುತ್ತವೆ, ಗರ್ಭಕೋಶವನ್ನು ಸಂಕುಚಿಸುವಂತೆ ಮಾಡುವ ಪ್ರೊಸ್ಟಗ್ಲಾಂಡಿನುಗಳು ಏರುತ್ತವೆ, ನೋವು ಆರಂಭವಾಗುತ್ತದೆ.

ಈ ಕ್ರಮದ ಮೂಲವನ್ನು ತಿಳಿಯಲು ಒಪೊಸಮ್ ಎಂಬ ಹೊಟ್ಟೆಚೀಲದ ವರ್ಗದ ಪ್ರಾಣಿಯನ್ನು ನೋಡಬೇಕು. ಬೂದು ಬಣ್ಣದ ಸಣ್ಣಬಾಲದ ಒಪೊಸಮ್ಮಿನ ಬಸಿರು ಸುಮಾರು ಎರಡು ವಾರಗಳದ್ದು. ಅದರ ಬಹುಭಾಗ ಭ್ರೂಣವು ತೆಳುವಾದ ಕವಚದೊಳಗೇ ಇರುತ್ತದೆ. ಕವಚ ಕರಗಿ ಭ್ರೂಣವು ಗರ್ಭಕೋಶಕ್ಕೆ ತಗುಲಿದೊಡನೆ ತಾಯಿಯಲ್ಲಿ ಉರಿಯೂತದ ವಂಶವಾಹಿಗಳು ಚುರುಕಾಗುತ್ತವೆ, ಕೆಲವೇ ದಿನಗಳಲ್ಲಿ ಮರಿ ಹೊರಬರುತ್ತದೆ. ನಮ್ಮಲ್ಲಿ ಭ್ರೂಣ ಅಂಟಿಕೊಳ್ಳುವಾಗ ಕಾಣುವ ಉರಿಯೂತವು ಇದೇ ಪುರಾತನ ಪ್ರತಿಕ್ರಿಯೆಯ ಉಳಿಕೆ, ಮಾಸುಳ್ಳ ಸಸ್ತನಿಗಳು ಅದನ್ನು ಆರಂಭದಲ್ಲಿಯೇ ನಿಲ್ಲಿಸಿ ಬಸಿರನ್ನು ನೀಳಗೊಳಿಸುವುದನ್ನು ಕಲಿತವು ಎಂಬುದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ವಾದ. ನನಗೆ ಇದು ಮನವರಿಕೆಯಾಗುವಂತಿದೆ.

‘ಗರ್ಭಿಣಿಯ ಪ್ರತಿರೋಧಶಕ್ತಿ ಕುಗ್ಗಿರುತ್ತದೆ’ ಎಂಬ ಮಾತನ್ನು ಪರೀಕ್ಷಿಸಿ

ಈ ಮಾತು ಎಷ್ಟು ಹರಡಿದೆಯೆಂದರೆ ಅದನ್ನು ಎದುರಿಸದೆ ಪಾಠ ಪೂರ್ತಿಯಾಗದು. ಪರೀಕ್ಷೆಗೆ ಮೊದಲ ಸಾಕ್ಷಿ ಲಸಿಕೆಗಳು. ಧನುರ್ವಾಯು, ಇನ್ಫ್ಲುಯೆಂಜಾ ಲಸಿಕೆಗಳನ್ನು ಗರ್ಭಿಣಿಯರಿಗೆ ಕೊಡುವುದೇ ಅವರ ದೇಹವು ಪ್ರತಿಕಾಯಗಳನ್ನು ಚೆನ್ನಾಗಿ ತಯಾರಿಸಬಲ್ಲದು, ಅವು ಮಾಸಿನ ಮೂಲಕ ಮಗುವಿಗೂ ತಲುಪುತ್ತವೆ ಎಂಬ ಕಾರಣದಿಂದ.

ಎರಡನೆಯ ಸಾಕ್ಷಿ ಹೆಣ್ಣುಕುದುರೆ. ಗಬ್ಬವಾದ ಸುಮಾರು 36ರಿಂದ 38ನೇ ದಿನದ ಹೊತ್ತಿಗೆ ಭ್ರೂಣದ ಹೊರಪೊರೆಯ ಒಂದು ಪಟ್ಟಿಯ ಕೋಶಗಳು ಗರ್ಭಕೋಶದ ಗೋಡೆಯೊಳಗೆ ಇಳಿದು ಬಟ್ಟಲಿನಾಕಾರದ ಗಂಟುಗಳಾಗಿ ನೆಲೆಸುತ್ತವೆ, ಹಾರ್ಮೋನನ್ನು ಸ್ರವಿಸುತ್ತವೆ. ಒಳನುಗ್ಗುವಾಗ ಈ ಕೋಶಗಳು ತಂದೆಯ ಎಂಎಚ್‌ಸಿಯನ್ನು ಬಹಿರಂಗವಾಗಿ ಪ್ರದರ್ಶಿಸುತ್ತವೆ. ತಾಯಿ ಅದನ್ನು ಗಮನಿಸದೆ ಬಿಡುವುದಿಲ್ಲ: ತಂದೆಯ ಎಂಎಚ್‌ಸಿಗೆ ವಿರುದ್ಧವಾದ ಪ್ರತಿಕಾಯಗಳು ಆಕೆಯ ರಕ್ತದಲ್ಲಿ ಹೇರಳವಾಗಿ ಕಾಣಿಸಿಕೊಳ್ಳುತ್ತವೆ, ಬಟ್ಟಲುಗಳ ಸುತ್ತ ಲಿಂಫೋಸೈಟುಗಳೆಂಬ ಬಿಳಿ ರಕ್ತಕೋಶಗಳು ಮುತ್ತುತ್ತವೆ. 100ರಿಂದ 120ನೇ ದಿನದ ಸುಮಾರಿಗೆ ಬಟ್ಟಲುಗಳು ಸತ್ತು ಕಳಚಿಕೊಳ್ಳುತ್ತವೆ. ಆದರೂ ಮರಿಗೆ ಏನೂ ಆಗದೆ ಹನ್ನೊಂದು ತಿಂಗಳ ಗಬ್ಬ ಮುಂದುವರಿಯುತ್ತದೆ. ತಾಯಿಯ ವ್ಯವಸ್ಥೆ ಜಡವಾಗಿಲ್ಲ, ಭ್ರೂಣದ ಪ್ರತಿಜನಕಗಳು ಅಪಕ್ವವಾಗಿಲ್ಲ ಎಂಬ ಎರಡಕ್ಕೂ ಈ ಒಂದೇ ಪ್ರಾಣಿ ಸಾಕು.

ಮೂರನೆಯದು ಆರ್‌ಎಚ್ ಕಾಯಿಲೆ. ಆರ್‌ಎಚ್ ಎಂಬುದು ಕೆಂಪುಕೋಶಗಳ ಮೇಲಿನ ಒಂದು ಪ್ರತಿಜನಕ; ಅದು ಇದ್ದವರು ಧನಾತ್ಮಕ, ಇಲ್ಲದವರು ಋಣಾತ್ಮಕ. ಆರ್‌ಎಚ್ ಋಣಾತ್ಮಕ ತಾಯಿಯ ರಕ್ತಕ್ಕೆ ಹೆರಿಗೆಯ ಸಮಯದಲ್ಲಿ ಆರ್‌ಎಚ್ ಧನಾತ್ಮಕ ಮಗುವಿನ ಕೆಂಪುಕೋಶಗಳು ಸೇರಿದರೆ ಆಕೆ ಪ್ರತಿಕಾಯಗಳನ್ನು ತಯಾರಿಸಬಹುದು. ಮುಂದಿನ ಬಸಿರಿನಲ್ಲಿ ಅವು ಮಾಸನ್ನು ದಾಟಿ ಮಗುವಿನ ರಕ್ತಕೋಶಗಳನ್ನು ಒಡೆಯುತ್ತವೆ. 1968ರಿಂದ ಬಳಕೆಗೆ ಬಂದ ಆಂಟಿ-ಡಿ ಚುಚ್ಚುಮದ್ದು ಇದನ್ನು ಬಹುಮಟ್ಟಿಗೆ ತಡೆಗಟ್ಟಿದೆ. ಟ್ರೋಫೋಬ್ಲಾಸ್ಟಿಗೆ ಸಿಗುವ ರಿಯಾಯಿತಿ ಮಗುವಿನ ಕೆಂಪುಕೋಶಕ್ಕೆ ಸಿಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಹಾಗೆಂದು ಇಡೀ ದೇಹದಲ್ಲಿ ಏನೂ ಬದಲಾಗುವುದಿಲ್ಲ ಎಂದಲ್ಲ. ರೋಗನಿರೋಧಕ ವ್ಯವಸ್ಥೆಯು ತನ್ನದೇ ದೇಹದ ಮೇಲೆ ದಾಳಿ ಮಾಡುವ ಕಾಯಿಲೆಗಳನ್ನು ನೋಡಿ: ಬಸಿರಿನಲ್ಲಿ ರುಮಟಾಯ್ಡ್ ಸಂಧಿವಾತ ಅನೇಕರಿಗೆ ಕಡಿಮೆಯಾಗುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಮರುಕಳಿಸುವುದು ಕೊನೆಯ ಮೂರು ತಿಂಗಳಲ್ಲಿ ಇಳಿದು, ಹೆರಿಗೆಯಾದ ಮೂರು ತಿಂಗಳಲ್ಲಿ ಏರುತ್ತದೆ. ಲೂಪಸ್ ಮಾತ್ರ ಕೆಲವರಲ್ಲಿ ಉಲ್ಬಣಿಸುತ್ತದೆ. ಇನ್ಫ್ಲುಯೆಂಜಾ, ಹೆಪಟೈಟಿಸ್-ಇ ಗರ್ಭಿಣಿಯರಲ್ಲಿ ಹೆಚ್ಚು ತೀವ್ರವಾಗುತ್ತವೆ. ಪ್ರತಿರೋಧವು ಒಟ್ಟಾರೆ ಇಳಿದಿದ್ದರೆ ಎಲ್ಲ ಸೋಂಕುಗಳೂ ಹೀಗೆಯೇ ತೀವ್ರವಾಗಬೇಕಿತ್ತು, ಹಾಗಾಗುವುದಿಲ್ಲ. ಕುಗ್ಗಿದೆ ಎನ್ನುವುದಕ್ಕಿಂತ ಮರುಹೊಂದಿಕೆಯಾಗಿದೆ ಎನ್ನುವುದು ಸತ್ಯಕ್ಕೆ ಹತ್ತಿರ.

ಇಲಿ ಪ್ರಯೋಗದ ವರದಿಯನ್ನು ಓದುವ ಕ್ರಮ

ಇಂಥ ವರದಿಯಲ್ಲಿ ಮೊದಲು ಹುಡುಕಬೇಕಾದುದು ಜೋಡಿ ಕಟ್ಟಿದ ವಿಧಾನ. ಗಂಡು, ಹೆಣ್ಣು ಎರಡೂ ಒಂದೇ ಶುದ್ಧ ತಳಿಯವಾದರೆ ಮರಿಗಳಲ್ಲಿ ತಾಯಿಗೆ ಪರಕೀಯವಾದುದು ಬಹುಮಟ್ಟಿಗೆ ಏನೂ ಇರುವುದಿಲ್ಲ. ಗಂಡು ಬೇರೆ ತಳಿಯದಾದರೆ ಇರುತ್ತದೆ. ಎರಡೂ ಬಗೆಯ ಬಸಿರುಗಳಲ್ಲಿ ಭ್ರೂಣಗಳು ಸತ್ತರೆ ಆ ಔಷಧ ಅಥವಾ ವಂಶವಾಹಿ ಬದಲಾವಣೆಯು ಮಾಸಿಗೋ ಹಾರ್ಮೋನಿಗೋ ನೇರವಾಗಿ ಹಾನಿ ಮಾಡಿದೆ ಎಂದಾಗಬಹುದು. ಬೇರೆ ತಳಿಯ ಬಸಿರಿನಲ್ಲಿ ಮಾತ್ರ ಸತ್ತರೆ ಆಗ ಅದು ರೋಗನಿರೋಧಕ ತಿರಸ್ಕಾರದ ಲಕ್ಷಣ. ಈ ಹೋಲಿಕೆಯ ಗುಂಪೇ ಇಲ್ಲದ ವರದಿಯನ್ನು ಬದಿಗಿಡಬಹುದು.

ಎರಡನೆಯದಾಗಿ, ಎಣಿಕೆ ಹೇಗೆ ನಡೆದಿದೆ ಎಂದು ನೋಡಿ. ಬಸಿರಿನ ನಡುವೆ ಇಲಿಯ ಗರ್ಭಕೋಶವನ್ನು ತೆರೆದರೆ ಅದರ ಎರಡು ಕವಲುಗಳಲ್ಲಿ ಭ್ರೂಣವಿರುವ ಜಾಗಗಳು ದಾರಕ್ಕೆ ಪೋಣಿಸಿದ ಮಣಿಗಳಂತೆ ಸಾಲಾಗಿ ಕಾಣುತ್ತವೆ. ಆರೋಗ್ಯವಾಗಿರುವವು ತುಂಬಿಕೊಂಡು ಗುಲಾಬಿ ಬಣ್ಣದಲ್ಲಿರುತ್ತವೆ. ನಾಶವಾಗಿ ದೇಹಕ್ಕೆ ಮರುಹೀರಿಕೆಯಾಗುತ್ತಿರುವವು ಸಣ್ಣದಾಗಿ, ರಕ್ತಗಟ್ಟಿ ಕಪ್ಪಗಿರುತ್ತವೆ. ಸಾಮಾನ್ಯ ಬಸಿರಿನಲ್ಲಿಯೂ ಒಂದೆರಡು ಹೀಗಿರುವುದುಂಟು. ಆದ್ದರಿಂದ ಒಟ್ಟು ಜಾಗಗಳಲ್ಲಿ ಎಷ್ಟು ಪಾಲು ನಾಶವಾಯಿತು, ನಿಯಂತ್ರಣ ಗುಂಪಿನಲ್ಲಿ ಎಷ್ಟು ಎಂಬ ಎರಡೂ ಅಂಕಿಗಳು ಬೇಕು.

ಮೂರನೆಯದು, ಒಂದೇ ಅಣುವಿಗೆ ಎಲ್ಲ ಶ್ರೇಯಸ್ಸನ್ನೂ ಕೊಡುವ ತೀರ್ಮಾನಗಳ ಬಗ್ಗೆ ಎಚ್ಚರ. ಐಡಿಒ ಎಂಬ ಕಿಣ್ವವು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಒಡೆದು ಟಿ ಕೋಶಗಳಿಗೆ ಅದು ಸಿಗದಂತೆ ಮಾಡುತ್ತದೆ. ಅದನ್ನು ಔಷಧದಿಂದ ತಡೆದಾಗ ಬೇರೆ ತಳಿಯ ಭ್ರೂಣಗಳು ನಾಶವಾದವೆಂಬ 1998ರ ಫಲಿತಾಂಶವು ಒಗಟು ಬಿಡಿಸಿದಂತೆಯೇ ತೋರಿತು. ಆದರೆ ಆ ಕಿಣ್ವದ ವಂಶವಾಹಿಯೇ ಇಲ್ಲದ ಇಲಿಗಳು ನಂತರ ಸಹಜವಾಗಿಯೇ ಮರಿ ಹಾಕಿದವು. ಹುಟ್ಟಿನಿಂದಲೇ ಒಂದು ದಾರಿ ಮುಚ್ಚಿದ್ದರೆ ದೇಹ ಬೇರೆ ದಾರಿ ಹಿಡಿಯುತ್ತದೆ; ಬಸಿರಿನ ಮಧ್ಯದಲ್ಲಿ ಹಠಾತ್ತನೆ ಮುಚ್ಚಿದರೆ ಅಷ್ಟು ಸಮಯ ಇರುವುದಿಲ್ಲ. ಎರಡೂ ಫಲಿತಾಂಶಗಳು ನಿಜ, ಅವುಗಳ ಪ್ರಶ್ನೆಗಳು ಬೇರೆ.

ಹೆರಿಗೆಯ ನಂತರವನ್ನೂ ಸೇರಿಸಿ

ಬಹುತೇಕ ಪಾಠಗಳು ಹೆರಿಗೆಯೊಡನೆ ನಿಲ್ಲುತ್ತವೆ, ಅದು ನಷ್ಟ. ಗಂಡುಮಗುವಿನ ಕೋಶಗಳು ಹೆರಿಗೆಯಾಗಿ 27 ವರ್ಷಗಳ ನಂತರವೂ ತಾಯಿಯ ರಕ್ತದಲ್ಲಿ ಸಿಕ್ಕಿವೆ ಎಂದು 1996ರಲ್ಲಿ ವರದಿಯಾಯಿತು. ಇಲಿಗಳಲ್ಲಿ, ತಂದೆಯ ಪ್ರತಿಜನಕವನ್ನು ಗುರುತಿಸುವ ನಿಯಂತ್ರಕ ಟಿ ಕೋಶಗಳು ಹೆರಿಗೆಯ ನಂತರ ಉಳಿದುಕೊಂಡು, ಅದೇ ತಂದೆಯಿಂದ ಮತ್ತೆ ಬಸಿರಾದಾಗ ಬೇಗನೆ ಹೆಚ್ಚುತ್ತವೆ. ಪ್ರಿ-ಎಕ್ಲಾಂಪ್ಸಿಯಾ ಮೊದಲ ಬಸಿರಿನಲ್ಲಿ ಹೆಚ್ಚು ಕಾಣಿಸಿಕೊಳ್ಳುವುದಕ್ಕೆ ಇಂಥ ನೆನಪಿನ ಕೊರತೆಯೂ ಒಂದು ಕಾರಣವಿರಬಹುದು. ದಾನಿಯ ಅಂಡದಿಂದಾದ ಬಸಿರಿನಲ್ಲಿ ಭ್ರೂಣವು ತಾಯಿಗೆ ಪೂರ್ತಿ ಪರಕೀಯ. ಅಂಥ ಬಸಿರುಗಳೂ ಬಹುಪಾಲು ಸುಸೂತ್ರವಾಗಿ ನಡೆಯುತ್ತವೆ, ಆದರೆ ಈ ಕಾಯಿಲೆಯ ಸಂಭವ ಅವುಗಳಲ್ಲಿ ಹೆಚ್ಚು.

ಸಹಿಷ್ಣುತೆ ಎರಡೂ ಕಡೆಯದು. ಅಮೆರಿಕದ ವಿಜ್ಞಾನಿ ರೇ ಓವೆನ್ ಅವರು 1945ರಲ್ಲಿ, ಒಂದೇ ಮಾಸಿನ ರಕ್ತಸಂಚಾರ ಹಂಚಿಕೊಂಡ ಅವಳಿ ಕರುಗಳು ಜೀವನವಿಡೀ ಪರಸ್ಪರರ ರಕ್ತಕೋಶಗಳನ್ನು ಹೊತ್ತಿರುವುದನ್ನು ತೋರಿಸಿದರು; ಮೆಡವಾರ್ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿ ಬರ್ನೆಟ್ ಅವರಿಗೆ 1960ರಲ್ಲಿ ನೊಬೆಲ್ ಬಹುಮಾನ ತಂದ ಸಹಿಷ್ಣುತೆಯ ಸಂಶೋಧನೆಗೆ ಈ ಕರುಗಳೇ ಬುನಾದಿಯಾದವು.

ಚಿಕಿತ್ಸೆಯ ಹೇಳಿಕೆಗಳಿಗೆ ಇದನ್ನು ಅನ್ವಯಿಸುವುದು

ಮರುಮರಳಿ ಗರ್ಭಪಾತವಾದವರಿಗೆ ರೋಗನಿರೋಧಕ ಪರೀಕ್ಷೆ, ಚಿಕಿತ್ಸೆಗಳನ್ನು ಸೂಚಿಸುವುದುಂಟು. ನೊಂದವರು ಆಸೆಯಿಂದ ಒಪ್ಪಿಕೊಳ್ಳುವುದು ಸಹಜ. ಆದ್ದರಿಂದಲೇ ವಿವರಿಸುವವರು ಇಲ್ಲಿ ಹೆಚ್ಚು ಜಾಗರೂಕರಾಗಿರಬೇಕು. ತೋಳಿನಿಂದ ತೆಗೆದ ರಕ್ತದಲ್ಲಿ ಎನ್‌ಕೆ ಕೋಶಗಳನ್ನು ಎಣಿಸುವ ಪರೀಕ್ಷೆಯು ಗರ್ಭಕೋಶದ ಎನ್‌ಕೆ ಕೋಶಗಳ ಬಗ್ಗೆ ಹೇಳುವುದು ಅತ್ಯಲ್ಪ, ಏಕೆಂದರೆ ಇವೆರಡರ ಸ್ವಭಾವವೂ ಕೆಲಸವೂ ಬೇರೆ. ಗಂಡನ ಬಿಳಿ ರಕ್ತಕೋಶಗಳನ್ನು ಹೆಂಡತಿಗೆ ಚುಚ್ಚುವ ಚಿಕಿತ್ಸೆ ಒಂದು ಕಾಲದಲ್ಲಿ ಜನಪ್ರಿಯವಾಗಿತ್ತು. 1999ರಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗದಲ್ಲಿ ಅದರಿಂದ ಪ್ರಯೋಜನ ಕಾಣಲಿಲ್ಲ. ಇಂಥ ಯಾವುದೇ ಹೇಳಿಕೆ ಎದುರಾದಾಗ ಅಳತೆ ಮಾಡಿದ್ದು ರಕ್ತದಲ್ಲೋ ಡೆಸಿಡುವಾದಲ್ಲೋ, ಪುರಾವೆ ಇಲಿಯದ್ದೋ ಮನುಷ್ಯರದ್ದೋ, ಭ್ರೂಣಕ್ಕೆ ವಂಶವಾಹಿ ದೋಷವಿತ್ತೇ ಎಂದು ಮೊದಲು ಪರೀಕ್ಷಿಸಲಾಗಿದೆಯೋ ಎಂದು ಕೇಳಿ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಿನ ಏರುಪೇರು, ತಾಯಿಯ ರೋಗನಿರೋಧಕ ವ್ಯವಸ್ಥೆಯಲ್ಲ.